ಎಲುಬಿಲ್ಲದ ನಾಲಿಗೆಗೆ ಎಲುಬಿನ ಕೆಲಸ

ಕಲ್ಯಾಣದಿಂದ ಹೊರಟ ಬೆಳಗಿನ ಲೋಕಲ್ ಡೊಂಬಿವಿಲಿಗೆ ಬರುವಷ್ಟರಲ್ಲಿ ಡಬ್ಬಿಯೊಳಗೆ ಕೈ ಎತ್ತಿ ತಲೆ ಕೆರೆದುಕೊಳ್ಳಲೂ ಜಾಗವಿರುವುದಿಲ್ಲ. ಅಂಥ ನೂಕುನುಗ್ಗಲಿನಲ್ಲೂ ಕಾಲೇಜಿಗೆ ಹೊರಟ ಹುಡುಗರು ಮೊಬೈಲನ್ನೇ ಕನ್ನಡಿ ಮಾಡಿಕೊಂಡು, ಮುಖವನ್ನು ತುಸು ಓರೆ ಮಾಡಿ, ಕಿವಿಯ ಬುಡದಿಂದ ಗದ್ದದವರೆಗಿನ ಗೆರೆಯನ್ನು ನೋಡಿಕೊಳ್ಳುವುದು ಈಚೆಗೆ ಅಪರೂಪವಲ್ಲ. ತುಟಿ ಮುಚ್ಚಿರುತ್ತದೆ. ಹಲ್ಲುಗಳು ಮೆಲ್ಲಗೆ ತಾಗಿರುತ್ತವೆ. ನಾಲಿಗೆ ತುದಿಯಿಂದ ಬುಡದವರೆಗೆ ಮೇಲಿನ ಅಂಗುಳಕ್ಕೆ ಒತ್ತಿಕೊಂಡಿರುತ್ತದೆ. ದಿನವಿಡೀ ಹೀಗಿದ್ದರೆ ದವಡೆ ಚೂಪಾಗುತ್ತದೆ, ಗದ್ದ ಮುಂದೆ ಬರುತ್ತದೆ, ಮುಖಕ್ಕೊಂದು ಕಳೆ ಬರುತ್ತದೆ ಎಂಬುದು ಅವರು ಕೇಳಿದ ಮಾತು. ಇದಕ್ಕೆ ‘ಮ್ಯೂಯಿಂಗ್’ ಎಂದು ಹೆಸರು.

ಶಾಲೆಗಳಿಗೆ ಇದು ಬಂದದ್ದು ಒಂದು ಸನ್ನೆಯಾಗಿ. ಮೇಷ್ಟ್ರು ಪ್ರಶ್ನೆ ಕೇಳಿದಾಗ ಹುಡುಗ ತುಟಿಯ ಮೇಲೆ ಬೆರಳಿಡುತ್ತಾನೆ, ಆಮೇಲೆ ಅದೇ ಬೆರಳಿನಿಂದ ದವಡೆಯ ಗೆರೆಯನ್ನು ತೀಡಿ ತೋರಿಸುತ್ತಾನೆ. ‘ಈಗ ಮಾತಾಡಲಾರೆ, ನಾಲಿಗೆ ಕೆಲಸದಲ್ಲಿದೆ’ ಎಂದು ಅದರ ಅರ್ಥ. ಗೆಳೆಯರು ನಗುತ್ತಾರೆ, ಮೇಷ್ಟ್ರಿಗೆ ಏನೆಂದು ತಿಳಿಯುವುದಿಲ್ಲ.

ಮೊದಲು ಒಂದು ಪದದ ಸ್ಪಷ್ಟನೆ. ಡೊಂಬಿವಿಲಿಯಲ್ಲಿ ಕರಾವಳಿಯ ಕನ್ನಡಿಗರೂ ಇದ್ದಾರೆ, ವಿಜಯಪುರ, ಕಲಬುರಗಿ ಕಡೆಯವರೂ ಇದ್ದಾರೆ. ‘ಗಲ್ಲ’ ಎಂದರೆ ಕೆಲವರ ಮನೆಯಲ್ಲಿ ಕೆನ್ನೆ, ಕೆಲವರ ಮನೆಯಲ್ಲಿ ಬಾಯಿಯ ಕೆಳಗಿನ ಭಾಗ. ಹೀಗಾಗಿ ಇಲ್ಲಿ ಗದ್ದ ಎಂಬ ಪದವನ್ನೇ ಬಳಸಲಾಗಿದೆ.

ಎಲುಬಿಲ್ಲದ ನಾಲಿಗೆ ಏನು ಬೇಕಾದರೂ ಆಡುತ್ತದೆ ಎಂದು ಕನ್ನಡದಲ್ಲಿ ಬಹಳ ಹಿಂದಿನಿಂದ ಬೈಯುತ್ತ ಬಂದಿದ್ದಾರೆ. ಅದೇ ನಾಲಿಗೆಗೆ ಎಲುಬನ್ನು ತಿದ್ದುವ ಕೆಲಸ ಯಾವಾಗ ಬಂತು, ಯಾರು ಕೊಟ್ಟರು ಎಂಬುದಕ್ಕೆ ಒಂದು ಚರಿತ್ರೆಯಿದೆ. ಆ ಚರಿತ್ರೆಯ ನಡುವೆ ಒಂದು ನಿಜವೂ ಇದೆ. ಕೇಳುತ್ತಿರುವ ಹುಡುಗರಿಗಿಂತ ಅದು ಅವರ ಪುಟ್ಟ ತಂಗಿ ತಮ್ಮಂದಿರಿಗೆ ಸಂಬಂಧಿಸಿದ್ದು.

ಕಲ್ಯಾಣದ ಅಕ್ಕಸಾಲಿಗ, ಕಾನ್ಹೇರಿಯ ಕೋಣೆ

ಠಾಣೆಯ ಪಶ್ಚಿಮಕ್ಕೆ ಹಬ್ಬಿರುವ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡಿನೊಳಗೆ ಕಾನ್ಹೇರಿ ಗುಹೆಗಳಿವೆ. ಅಲ್ಲಿ ಬ್ರಾಹ್ಮಿ ಲಿಪಿಯ ದಾನಶಾಸನಗಳು ಹಲವು. ಸುಮಾರು 1800 ವರ್ಷಗಳ ಹಿಂದಿನ ಆ ಬರಹಗಳಲ್ಲಿ ಕಲ್ಯಾಣದ ದಾನಿಗಳು ಮತ್ತೆ ಮತ್ತೆ ಬರುತ್ತಾರೆ. ನೀರಿನ ತೊಟ್ಟಿ ಕೊರೆಸಿಕೊಟ್ಟವನೊಬ್ಬ ಕಲ್ಯಾಣದ ಅಕ್ಕಸಾಲಿಗ. ಆಗ ಕಲ್ಯಾಣ ಸಮುದ್ರ ವ್ಯಾಪಾರದ ಊರು. ಅಲ್ಲಿನ ಹಣ ಭಿಕ್ಷುಗಳು ಕೂತು ಧ್ಯಾನ ಮಾಡುವ ಕಲ್ಲಿನ ಕೋಣೆಗಳಿಗೆ ಹರಿಯಿತು.

ಆ ಭಿಕ್ಷುಗಳ ಪರಂಪರೆಯ ಗ್ರಂಥಗಳಲ್ಲಿ ನಾಲಿಗೆಯನ್ನು ಅಂಗುಳಕ್ಕೆ ಒತ್ತುವ ಮಾತು ಸ್ಪಷ್ಟವಾಗಿದೆ. ಪಾಲಿಯ ಮಜ್ಝಿಮ ನಿಕಾಯದ 20ನೆಯ ಸುತ್ತವು ಕೆಟ್ಟ ಯೋಚನೆಗಳು ಕಾಡಿದಾಗ ಮಾಡಬೇಕಾದ ಐದು ಉಪಾಯಗಳನ್ನು ಹೇಳುತ್ತದೆ. ನಾಲ್ಕೂ ಫಲಿಸದಿದ್ದರೆ ಐದನೆಯದು: ಹಲ್ಲು ಕಚ್ಚಿ, ನಾಲಿಗೆಯನ್ನು ಅಂಗುಳಕ್ಕೊತ್ತಿ, ಬಲಶಾಲಿಯೊಬ್ಬ ಬಡವನನ್ನು ಹಿಡಿದು ಬಗ್ಗಿಸುವಂತೆ ಮನಸ್ಸಿನಿಂದಲೇ ಮನಸ್ಸನ್ನು ಹತ್ತಿಕ್ಕುವುದು. ಅದೇ ಸಂಗ್ರಹದ 36ನೆಯ ಸುತ್ತದಲ್ಲಿ ಬುದ್ಧ ತನ್ನ ತಪಸ್ಸಿನ ದಿನಗಳನ್ನು ನೆನೆಯುತ್ತಾನೆ. ಹೀಗೆ ಒತ್ತಿ ಕೂತಾಗ ತನ್ನ ಕಂಕುಳಿನಿಂದ ಬೆವರಿಳಿಯಿತು ಎನ್ನುತ್ತಾನೆ. ಆ ಕಠಿಣ ತಪಸ್ಸುಗಳಿಂದ ತನಗೆ ಬೇಕಾದ್ದು ಸಿಗಲಿಲ್ಲವೆಂದು ಕೊನೆಗೆ ಅವನ್ನು ಬಿಟ್ಟ ಕತೆಯೂ ಅಲ್ಲೇ ಇದೆ.

ಹಠಯೋಗಿಗಳು ನಾಲಿಗೆಯನ್ನು ಇನ್ನೂ ಮುಂದೆ ಒಯ್ದರು. 15ನೆಯ ಶತಮಾನದಲ್ಲಿ ಸ್ವಾತ್ಮಾರಾಮ ಬರೆದ ಹಠಯೋಗಪ್ರದೀಪಿಕೆಯ ಮೂರನೆಯ ಅಧ್ಯಾಯದಲ್ಲಿ ಎರಡು ಬಗೆಯ ವಿಧಾನಗಳಿವೆ. ಒಂದು ಸರಳವಾದದ್ದು: ಕಂಠವನ್ನು ಬಿಗಿಯುವ ಬದಲು ನಾಲಿಗೆಯನ್ನು ಮುಂದಿನ ಹಲ್ಲುಗಳಾದ ‘ರಾಜದಂತ’ಗಳಿಗೆ ಒತ್ತಿಟ್ಟರೆ ಒಳ್ಳೆಯದು ಎಂಬ ಕೆಲವರ ಅಭಿಪ್ರಾಯ. ಇನ್ನೊಂದು ಖೇಚರೀ ಮುದ್ರೆ. ನಾಲಿಗೆಯ ಕೆಳಗಿನ ಎಳೆಯನ್ನು ಕಳ್ಳಿಯ ಎಲೆಯಂಥ ಹರಿತ ಅಲಗಿನಿಂದ ಕೂದಲೆಳೆಯಷ್ಟು ಕೊಯ್ದು, ಸೈಂಧವ ಲವಣ ಮತ್ತು ಅಳಲೆಕಾಯಿ ಪುಡಿಯಿಂದ ತಿಕ್ಕಿ, ಏಳು ದಿನ ಬಿಟ್ಟು ಮತ್ತೆ ಕೊಯ್ದು, ಆರು ತಿಂಗಳಲ್ಲಿ ನಾಲಿಗೆಯನ್ನು ಹಿಂದಕ್ಕೆ ಮಡಚಿ ಅಂಗುಳದ ಮೇಲಿನ ಗುಳಿಗೆ ಸೇರಿಸುವ ಸಾಧನೆ ಅದು. ಮರಾಠಿಯಲ್ಲಿ ‘ಟಾಳೂ’ ಎಂದರೆ ಬಾಯಿಯ ಅಂಗುಳವೂ ಹೌದು, ತಲೆಯ ನೆತ್ತಿಯೂ ಹೌದು. ಖೇಚರಿ ಮಾಡುವವನ ಕಣ್ಣಲ್ಲಿ ಈ ಎರಡರ ನಡುವೆ ದಾರಿಯಿತ್ತು.

ಫಲ ಏನು? ಹಸಿವು, ನಿದ್ರೆ, ಮರಣಗಳನ್ನು ಗೆಲ್ಲಬಹುದೆಂದು ಗ್ರಂಥ ಹೇಳುತ್ತದೆ. ಮುಖದ ಅಂದವನ್ನು ಈ ಸಾಧನೆಗಳ ಗುರಿಯಾಗಿ ಅದು ಮುಂದಿಡುವುದಿಲ್ಲ. ನಾಲಿಗೆ ಕೆಲಸ ಮಾಡುತ್ತಿದ್ದದ್ದು ಒಳಮುಖವಾಗಿ.

ಆದರೂ ದೇಹವನ್ನೇ ಗಟ್ಟಿ ಮಾಡಿಕೊಳ್ಳುವ ಆಸೆ ಈ ಪಂಥದಲ್ಲಿತ್ತು. ಕನ್ನಡದವರು ಅದನ್ನು ಪ್ರಶ್ನಿಸಿದ್ದೂ ಉಂಟು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಗೋರಕ್ಷನನ್ನು ಎದುರುಗೊಳ್ಳುತ್ತಾನೆ. ತನ್ನದು ವಜ್ರಕಾಯವೆಂದು ಗೋರಕ್ಷ ಹೆಮ್ಮೆಪಡುತ್ತಾನೆ. ಅವನ ಮೈಗೆ ಕತ್ತಿ ಹೊಡೆದರೆ ಖಣಿಲೆಂದು ಸದ್ದಾಗುತ್ತದೆ, ಕೂದಲೂ ಕೊಂಕುವುದಿಲ್ಲ. ಅಲ್ಲಮನಿಗೆ ಹೊಡೆದರೆ ಕತ್ತಿ ಗಾಳಿಯಲ್ಲಿ ಹಾದಂತೆ ಹಾದುಹೋಗುತ್ತದೆ. ಸದ್ದು ಬರುವ ದೇಹ ಇನ್ನೂ ದೇಹವೇ ಎಂಬುದು ಆ ಪ್ರಸಂಗದ ತಿರುಳು. ಕತ್ತಿಯಂಥ ದವಡೆಗಾಗಿ ಹಂಬಲಿಸುವ ಈ ಕಾಲದಲ್ಲಿ ಆ ಪ್ರಸಂಗಕ್ಕೆ ಹೊಸ ಅರ್ಥ ಹೊಳೆದರೆ ಆಶ್ಚರ್ಯವಿಲ್ಲ.

ಯೋಗದ ನಾಲಿಗೆ ಹೊಸ ಕಾಲಕ್ಕೆ ಬಂದದ್ದು ಕಲ್ಯಾಣ ಜಂಕ್ಷನ್‌ನಿಂದ ಪುಣೆಯ ಕಡೆಗೆ ಕವಲೊಡೆಯುವ ರೈಲುದಾರಿಯ ಊರಿನಲ್ಲಿ. ಭೋರ್ ಘಾಟ್ ಹತ್ತಿದರೆ ಸಿಗುವ ಲೋಣಾವಳದಲ್ಲಿ 1924ರಲ್ಲಿ ಸ್ವಾಮಿ ಕುವಲಯಾನಂದರು ಕೈವಲ್ಯಧಾಮ ಸ್ಥಾಪಿಸಿದರು. ಯೋಗದ ಕ್ರಿಯೆಗಳನ್ನು ಎಕ್ಸ್‌ರೇ ಯಂತ್ರದ ಮುಂದೆ ನಿಲ್ಲಿಸಿ ಪರೀಕ್ಷಿಸಿದವರು ಅವರು. ಸಿಂಹಾಸನದ ಜೊತೆ ಜಿಹ್ವಾಬಂಧವನ್ನೂ ಅವರು ಕಲಿಸಿದರು. ಆಗಲೂ ಮಾತು ಗಂಟಲು ಮತ್ತು ಆರೋಗ್ಯದ ಬಗ್ಗೆ ಇತ್ತು. ನಾಲಿಗೆಗೆ ಮುಖ ತಿದ್ದುವ ಕೆಲಸ ಬಂದದ್ದು ಬೇರೆ ಕಡೆಯಿಂದ.

ಮುಖ ತೀಡುವ ಕೈಗಳು

ಮುಖವನ್ನು ತಿದ್ದಬಹುದೆಂಬ ನಂಬಿಕೆಗೆ ನಮ್ಮ ಮನೆಗಳಲ್ಲಿ ಇನ್ನೊಂದು ಜಾಗವಿತ್ತು: ಬಾಣಂತಿಯ ಬಚ್ಚಲು. ಕೂಸಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುವ ಅಜ್ಜಿ ಅದರ ಮೂಗನ್ನು ಎರಡು ಬೆರಳಲ್ಲಿ ಹಿಡಿದು ಮೇಲೆತ್ತುತ್ತಾಳೆ, ಹಣೆ ತೀಡುತ್ತಾಳೆ, ಗದ್ದ ಒತ್ತುತ್ತಾಳೆ, ನೆತ್ತಿಗೆ ಎಣ್ಣೆ ತಟ್ಟುತ್ತಾಳೆ. ಕೂಸು ಕಿರುಚಿದರೆ, ಮುಂದೆ ಮೂಗು ಚೆನ್ನಾಗಿರಬೇಕಲ್ಲ ಎಂದು ಸಮಾಧಾನ ಹೇಳುತ್ತಾಳೆ. ಕರ್ನಾಟಕದಲ್ಲೂ ಇದು ಇದೆ, ಮರಾಠಿ ಮನೆಗಳಲ್ಲೂ ಇದೆ. ಡೊಂಬಿವಿಲಿಯ ಚಾಳುಗಳಲ್ಲಿ ಕನ್ನಡದ ಬಾಣಂತಿಗೆ ಮರಾಠಿ ಬಾಯಿ ಮಾಲೀಸು ಮಾಡುವುದು ಸಹಜವಾದ ಸಂಗತಿ. ಇಬ್ಬರಿಗೂ ಬೇಕಾದ ಮುಖ ಒಂದೇ. ಬೆರಳಿನ ಒತ್ತಡದಿಂದ ಮೂಗಿನ ಆಕಾರ ಬದಲಾಗುವುದಿಲ್ಲ. ಎಳೆಯ ವಯಸ್ಸಿನಲ್ಲಿ ಮುಖ ಇನ್ನೂ ರೂಪುಗೊಳ್ಳುತ್ತಿರುತ್ತದೆ ಎಂಬ ಅಜ್ಜಿಯ ಅಂದಾಜು ಮಾತ್ರ ಪೂರ್ತಿ ಸುಳ್ಳಲ್ಲ.

ಹೆಚ್ಚುಕಡಿಮೆ ಇದೇ ಅಂದಾಜನ್ನು ಅಮೆರಿಕದಲ್ಲಿ ಬರವಣಿಗೆಗಿಳಿಸಿದವನು ಒಬ್ಬ ಚಿತ್ರಗಾರ. ಜಾರ್ಜ್ ಕ್ಯಾಟ್ಲಿನ್ 1830ರ ದಶಕದಲ್ಲಿ ಅಲ್ಲಿನ ಮೂಲನಿವಾಸಿಗಳ ನಡುವೆ ತಿರುಗಿ ಅವರ ಚಿತ್ರ ಬರೆದ. ಆ ಬುಡಕಟ್ಟುಗಳ ತಾಯಂದಿರು ಮಲಗಿದ ಕೂಸಿನ ತುಟಿಗಳನ್ನು ಬೆರಳಿನಿಂದ ಮೆಲ್ಲಗೆ ಸೇರಿಸಿ ಮುಚ್ಚುವುದನ್ನು ನೋಡಿದ. ಆ ಜನರ ಹಲ್ಲು, ದವಡೆ, ಆರೋಗ್ಯ ಎಲ್ಲಕ್ಕೂ ಬಾಯಿ ಮುಚ್ಚಿ ಮೂಗಿನಿಂದ ಉಸಿರಾಡುವುದೇ ಕಾರಣವೆಂದು 1860ರ ದಶಕದಲ್ಲಿ ಪುಸ್ತಕವನ್ನೇ ಬರೆದ. ಒಂದೇ ಕಾರಣಕ್ಕೆ ಎಲ್ಲವನ್ನೂ ಕಟ್ಟಿದ್ದು ಅವನ ಅತಿರೇಕ. ಉಸಿರಿಗೂ ದವಡೆಗೂ ನಂಟಿದೆ ಎಂದು ಗಮನಿಸಿದ್ದು ಅವನ ಹೆಗ್ಗಳಿಕೆ.

ಸ್ವಲ್ಪ ಕಾಲದಲ್ಲೇ ವೈದ್ಯರು ಆ ನಂಟಿನ ಒಂದು ಕೊಂಡಿಯನ್ನು ಕಂಡರು. 1868ರಲ್ಲಿ ಕೋಪನ್‌ಹೇಗನ್ನಿನ ವಿಲ್ಹೆಲ್ಮ್ ಮೇಯರ್ ಮಕ್ಕಳ ಮೂಗಿನ ಹಿಂಭಾಗದಲ್ಲಿ, ಕಿರುನಾಲಿಗೆಯ ಮೇಲ್ಗಡೆ ಬೆಳೆಯುವ ಅಡಿನಾಯ್ಡ್ ಗಡ್ಡೆಯನ್ನು ವಿವರಿಸಿದರು. ಅದು ಊದಿಕೊಂಡರೆ ಮೂಗಿನ ದಾರಿ ಮುಚ್ಚುತ್ತದೆ, ಮಗು ಬಾಯಿಂದ ಉಸಿರಾಡುತ್ತದೆ. ಬಾಯಿ ತೆರೆದಾಗ ನಾಲಿಗೆ ಅಂಗುಳ ಬಿಟ್ಟು ಕೆಳಗಿಳಿಯುತ್ತದೆ. ಇಂಥ ಮಕ್ಕಳಲ್ಲಿ ಮುಖ ಉದ್ದವಾಗಿ, ಅಂಗುಳ ಇಕ್ಕಟ್ಟಾಗಿ, ಮೇಲಿನ ಹಲ್ಲು ಮುಂದೆ ಚಾಚಿ, ಗದ್ದ ಹಿಂದೆ ಸರಿದಂತೆ ಕಾಣುವ ರೂಪಕ್ಕೆ ‘ಅಡಿನಾಯ್ಡ್ ಮುಖ’ ಎಂಬ ಹೆಸರೇ ಬಂತು.

ತಂತಿಯೋ ನಾಲಿಗೆಯೋ

ಹಲ್ಲಿಗೆ ತಂತಿ ಹಾಕುವ ವಿದ್ಯೆಯನ್ನು ಬೇರೆಯೇ ಶಾಸ್ತ್ರವಾಗಿ ನಿಲ್ಲಿಸಿದವರು ಅಮೆರಿಕದ ಎಡ್ವರ್ಡ್ ಆ್ಯಂಗಲ್. 1900ರಲ್ಲಿ ಸೇಂಟ್ ಲೂಯಿಯಲ್ಲಿ ಅವರು ಅದಕ್ಕಾಗಿಯೇ ಶಾಲೆ ತೆರೆದರು. ಬಾಯಿಂದ ಉಸಿರಾಡುವುದು ಹಲ್ಲಿನ ಸಾಲು ಕೆಡಲು ದೊಡ್ಡ ಕಾರಣವೆಂದು ಅವರೂ ಬರೆದರು. 1918ರಲ್ಲಿ ಬಾಸ್ಟನ್ನಿನ ಆಲ್ಫ್ರೆಡ್ ರೋಜರ್ಸ್ ಮುಖದ ಸ್ನಾಯುಗಳಿಗೆ ವ್ಯಾಯಾಮ ಹೇಳಿಕೊಟ್ಟು ಹಲ್ಲು ಸರಿಪಡಿಸುವ ಪ್ರಯತ್ನವನ್ನು ಪ್ರಕಟಿಸಿದರು. ನಾಲಿಗೆ, ತುಟಿ, ಕೆನ್ನೆಗಳು ಜೀವಂತ ಉಪಕರಣಗಳು ಎಂಬುದು ಅವರ ನಿಲುವು. ಇಂದಿನ ಮ್ಯೂಯಿಂಗ್‌ನ ಬೇರು ಅಲ್ಲಿಯೇ ಇದೆ. ಆದರೆ ವ್ಯಾಯಾಮವನ್ನು ಮಕ್ಕಳು ದಿನವೂ ಮಾಡುವುದಿಲ್ಲ, ತಂತಿ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ. ಹೀಗಾಗಿ ತಂತಿ ಗೆದ್ದಿತು.

ಭಾರತದಲ್ಲಿ ಈ ವಿದ್ಯೆ ಬೇರೂರಿದ ಊರುಗಳಲ್ಲಿ ಮುಂಬಯಿ ಮುಖ್ಯವಾದದ್ದು. ನಾಯರ್ ದಂತ ಕಾಲೇಜು 1933ರಲ್ಲಿ ಆರಂಭವಾಯಿತು. ಹಲ್ಲಿನ ಸಾಲು ಸರಿಪಡಿಸುವ ತಜ್ಞರ ರಾಷ್ಟ್ರೀಯ ಸಂಘ, ಇಂಡಿಯನ್ ಆರ್ಥೊಡಾಂಟಿಕ್ ಸೊಸೈಟಿ, 1965ರಲ್ಲಿ ಮುಂಬಯಿಯಲ್ಲೇ ಹುಟ್ಟಿತು; ಅದರ ಮೊದಲ ಅಧ್ಯಕ್ಷರು ಎಚ್. ಡಿ. ಮರ್ಚೆಂಟ್. ಅದೇ ವರ್ಷ ಮಣಿಪಾಲದಲ್ಲಿ ದಂತ ಕಾಲೇಜು ಶುರುವಾಯಿತು. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ನವಿ ಮುಂಬಯಿ ಬೆಳೆದಂತೆ ನೆರೂಳ್, ಖಾರ್ಘರ್, ಕಾಮೋಠೆಗಳಲ್ಲಿ ದಂತ ಕಾಲೇಜುಗಳು ಬಂದವು. ಹಳೆಯ ತಲೆಮಾರಿನಲ್ಲಿ ಉಬ್ಬುಹಲ್ಲು ಹಣೆಬರಹವಾಗಿತ್ತು. ಅವರ ಮಕ್ಕಳ ಕಾಲಕ್ಕೆ ‘ಕ್ಲಿಪ್ ಹಾಕಿಸುವುದು’ ಮಧ್ಯಮ ವರ್ಗದ ಮನೆಯ ಖರ್ಚಿನ ಪಟ್ಟಿಗೆ ಸೇರಿತು.

ಈ ನಡುವೆ ಇನ್ನೊಂದು ಪ್ರಶ್ನೆ ಉಳಿದಿತ್ತು. ಇಷ್ಟು ಮಕ್ಕಳಿಗೆ ಹಲ್ಲಿನ ಸಾಲು ಯಾಕೆ ಕೆಡುತ್ತಿದೆ? ಅನುವಂಶೀಯತೆಯೊಂದೇ ಕಾರಣವೇ? ಅಮೆರಿಕದ ಮಾನವಶಾಸ್ತ್ರಜ್ಞ ರಾಬರ್ಟ್ ಕೊರುಚ್ಚಿನಿ ಇದನ್ನು ಹುಡುಕುತ್ತ ಭಾರತಕ್ಕೂ ಬಂದರು. 1983ರಲ್ಲಿ ಅವರೂ ಅವರ ಭಾರತೀಯ ಸಹೋದ್ಯೋಗಿಗಳೂ ಉತ್ತರ ಭಾರತದ ಸಮೀಕ್ಷೆಯೊಂದನ್ನು ಪ್ರಕಟಿಸಿದರು. ಒಂದೇ ಮೂಲದ ಜನರಲ್ಲಿ ಹಳ್ಳಿಯ ಹುಡುಗರಿಗಿಂತ ಚಂಡೀಗಢ ನಗರದ ಹುಡುಗರಲ್ಲಿ ಹಲ್ಲಿನ ಸಾಲಿನ ದೋಷ ಹೆಚ್ಚಾಗಿ ಕಂಡಿತು. ಮೆತ್ತಗಿನ ಆಹಾರ, ಕಡಿಮೆ ಅಗಿತ, ಅದರಿಂದ ಕಿರಿದಾಗುವ ದವಡೆ ಎಂಬುದು ಅವರ ವಾದ. ಕಟಕಟಿ ರೊಟ್ಟಿ, ಹುರಿಗಡಲೆ, ಹಲ್ಲಲ್ಲೇ ಸಿಪ್ಪೆ ಸುಲಿದು ತಿನ್ನುವ ಕಬ್ಬು ಬಿಟ್ಟು ಸ್ಟೇಷನ್ನಿನ ಪಾವಿಗೆ ಬಂದ ಬಾಯಿಗಳ ಕುರಿತು ಈ ವಾದ ಯೋಚಿಸುವಂತೆ ಮಾಡುತ್ತದೆ. ಆದರೆ ಅದರಲ್ಲೂ ಅಗಿಯುವ ವಯಸ್ಸು ಬಾಲ್ಯ. ಇಪ್ಪತ್ತರಲ್ಲಿ ಗಟ್ಟಿ ರೊಟ್ಟಿ ತಿಂದರೆ ದವಡೆ ಹಿಗ್ಗುತ್ತದೆಂದು ಅದು ಹೇಳುವುದಿಲ್ಲ.

ಉಸಿರಿನ ಕತೆಗೂ ಪುರಾವೆ ಬಂತು. ಎಗಿಲ್ ಹಾರ್ವೋಲ್ಡ್ ಬೆಳೆಯುವ ವಯಸ್ಸಿನ ರೀಸಸ್ ಕೋತಿಗಳ ಮೂಗನ್ನು ಸಿಲಿಕಾನ್ ಬಿರಡೆಯಿಂದ ಮುಚ್ಚಿ ನೋಡಿದರು. ಕೋತಿಗಳ ದವಡೆ ಮತ್ತು ಹಲ್ಲಿನ ಸಾಲು ಬದಲಾದವು, ಆದರೆ ಎಲ್ಲದರಲ್ಲೂ ಒಂದೇ ಥರ ಬದಲಾಗಲಿಲ್ಲ. ಪ್ರತಿ ಕೋತಿಯೂ ಬಾಯಿ ತೆರೆದುಕೊಳ್ಳಲು ತನ್ನದೇ ದಾರಿ ಹುಡುಕಿತು. ಸ್ವೀಡನ್ನಿನ ಸ್ಟೆನ್ ಲಿಂಡರ್-ಆರಾನ್ಸನ್ 1970ರಿಂದ ಮುಂದೆ ಅಡಿನಾಯ್ಡ್ ತೆಗೆದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಮೂಗಿನ ಉಸಿರು ಮರಳಿದ ಮಕ್ಕಳಲ್ಲಿ ಹಲ್ಲಿನ ಸಾಲು ಮತ್ತು ದವಡೆಯ ಬೆಳವಣಿಗೆಯ ದಿಕ್ಕು ಸ್ವಲ್ಪಮಟ್ಟಿಗೆ ಸರಿಯಾದದ್ದನ್ನು ಕಂಡರು.

1978ರಲ್ಲಿ ವಿಲಿಯಂ ಪ್ರಾಫಿಟ್ ಈ ಎಲ್ಲಕ್ಕೂ ಒಂದು ಲೆಕ್ಕ ಕೊಟ್ಟರು. ನುಂಗುವಾಗ ನಾಲಿಗೆ ಜೋರಾಗಿ ಒತ್ತುತ್ತದೆ, ಆದರೆ ಕ್ಷಣಮಾತ್ರ. ಮಾತಾಡುವಾಗಲೂ ಅಷ್ಟೇ, ಕನ್ನಡದ ಳಕಾರ ಣಕಾರಗಳಿಗೆ ನಾಲಿಗೆ ಎಷ್ಟೇ ಮೇಲಕ್ಕೆ ಮಡಚಿದರೂ ಅದರಿಂದ ಹಲ್ಲು ಕದಲುವುದಿಲ್ಲ. ಸುಮ್ಮನಿರುವಾಗ ನಾಲಿಗೆ, ತುಟಿ, ಕೆನ್ನೆಗಳು ಗಂಟೆಗಟ್ಟಲೆ ಕೊಡುವ ಹಗುರವಾದ ಒತ್ತಡವೇ ಹಲ್ಲಿನ ಜಾಗವನ್ನು ನಿರ್ಧರಿಸುವುದರಲ್ಲಿ ಹೆಚ್ಚು ಮುಖ್ಯ ಎಂದು ಅವರು ಹೇಳಿದರು. ತಂತಿಯ ಶಾಸ್ತ್ರದ ದೊಡ್ಡ ಪಠ್ಯಪುಸ್ತಕ ಬರೆದವರೇ ಪ್ರಾಫಿಟ್. ಎಂದರೆ, ಸುಮ್ಮನಿರುವ ನಾಲಿಗೆಯ ಜಾಗ ಮುಖ್ಯ ಎಂಬುದು ಯಾರೂ ಬಚ್ಚಿಟ್ಟ ಗುಟ್ಟಾಗಿರಲಿಲ್ಲ.

ಒಬ್ಬ ಅಪ್ಪ, ಒಬ್ಬ ಮಗ

ಆದರೆ ಅದನ್ನು ಗುಟ್ಟೆಂಬಂತೆ ಜಗತ್ತಿಗೆ ಸಾರಿದ ಕುಟುಂಬ ಇಂಗ್ಲೆಂಡಿನದು. 1928ರಲ್ಲಿ ಹುಟ್ಟಿದ ಜಾನ್ ಮ್ಯೂ ದಂತವೈದ್ಯರು. 1981ರಲ್ಲಿ ಬ್ರಿಟಿಷ್ ಡೆಂಟಲ್ ಜರ್ನಲ್‌ನಲ್ಲಿ ಅವರು ತಮ್ಮ ಸಿದ್ಧಾಂತ ಪ್ರಕಟಿಸಿದರು. ಬಾಯಿ ಮುಚ್ಚಿ, ಹಲ್ಲು ತಾಗಿಸಿ, ನಾಲಿಗೆ ಅಂಗುಳಕ್ಕೆ ಇಟ್ಟುಕೊಂಡು ದಿನಕ್ಕೆ ಹಲವು ಗಂಟೆ ಇದ್ದ ಮಗುವಿನ ದವಡೆ ಸರಿಯಾಗಿ ಬೆಳೆಯುತ್ತದೆ. ಹಾಗಿಲ್ಲದ್ದೇ ವಕ್ರದಂತದ ಮೂಲ ಎಂಬುದು ಅದರ ಸಾರ. ಹಲ್ಲು ಕಿತ್ತು ಜಾಗ ಮಾಡಿ ತಂತಿ ಹಾಕುವುದನ್ನು ಅವರು ಕಟುವಾಗಿ ಟೀಕಿಸಿದರು. ತಮ್ಮದೇ ಉಪಕರಣವನ್ನು ಮಕ್ಕಳ ಬಾಯಿಗೆ ಹಾಕಿ ಅಂಗುಳ ಅಗಲಿಸಿ, ನಾಲಿಗೆಗೆ ಹೊಸ ಅಭ್ಯಾಸ ಕಲಿಸುವ ಪದ್ಧತಿಗೆ ಆರ್ಥೊಟ್ರಾಪಿಕ್ಸ್ ಎಂದು ಹೆಸರಿಟ್ಟರು.

ಗಮನಿಸಬೇಕಾದದ್ದು ಇದು: ಅಪ್ಪ ಮ್ಯೂ ಅವರ ಪದ್ಧತಿ ಇದ್ದದ್ದು ಹಾಲುಹಲ್ಲು ಬೀಳುವ ವಯಸ್ಸಿನ ಮಕ್ಕಳಿಗೆ, ಉಪಕರಣದ ಸಹಾಯದೊಂದಿಗೆ. ಬೆಳೆದವರು ಬರೀ ನಾಲಿಗೆಯಿಂದ ಮುಖ ಬದಲಿಸಿಕೊಳ್ಳುವುದು ಅವರ ಪ್ರಬಂಧದಲ್ಲಿರಲಿಲ್ಲ. ಮಕ್ಕಳ ಮೇಲಿನ ಅವರ ಫಲಿತಾಂಶಗಳಿಗೂ, ಹೋಲಿಕೆಗೆ ಇನ್ನೊಂದು ಗುಂಪನ್ನಿಟ್ಟು ನೋಡಿದ ಬಲವಾದ ಪುರಾವೆ ಇಲ್ಲವೆಂದು ತಜ್ಞರು ಒಪ್ಪಲಿಲ್ಲ.

ಅವರ ಮಗ ಮೈಕ್ ಮ್ಯೂ ಕೂಡ ದಂತವೈದ್ಯರಾದರು, ಯೂಟ್ಯೂಬಿನಲ್ಲಿ ಪಾಠ ಹೇಳತೊಡಗಿದರು. ನೋಡಿದವರು ಬಹುಪಾಲು ಯುವಕರು. ತಮ್ಮ ಒಂಟಿತನಕ್ಕೆ ಮುಖವೇ ಕಾರಣವೆಂದು ನಂಬಿದವರೂ ಅವರಲ್ಲಿ ಇದ್ದರು. ಕುಟುಂಬದ ಹೆಸರೇ ಕ್ರಿಯಾಪದವಾಯಿತು. 2019ರ ಹೊತ್ತಿಗೆ ಬಾಯಿ-ದವಡೆ ಶಸ್ತ್ರವೈದ್ಯರ ಪತ್ರಿಕೆಯೊಂದು, ಶಸ್ತ್ರಚಿಕಿತ್ಸೆ ಬೇಕಾದ ರೋಗಿಗಳು ಇದನ್ನು ನಂಬಿ ಕಾಯುತ್ತ ಕೂರುವ ಅಪಾಯದ ಬಗ್ಗೆ ಬರೆಯಬೇಕಾಯಿತು. 2024ರ ಆರಂಭದಲ್ಲಿ ಅಮೆರಿಕದ ಆರ್ಥೊಡಾಂಟಿಸ್ಟರ ಸಂಘ, ನಾಲಿಗೆಯ ಭಂಗಿಯಿಂದ ದವಡೆಯ ಆಕಾರ ಬದಲಾಗುತ್ತದೆ ಎಂಬುದಕ್ಕೆ ಆಧಾರವಿಲ್ಲವೆಂದು ಹೇಳಿತು. ಜಾನ್ ಮ್ಯೂ 2017ರಲ್ಲಿ ವೃತ್ತಿಯ ಪರವಾನಗಿ ಕಳೆದುಕೊಂಡಿದ್ದರು. ಇಬ್ಬರು ಮಕ್ಕಳಿಗೆ ನೀಡಿದ ಚಿಕಿತ್ಸೆಯ ವಿಚಾರಣೆ ನಡೆದು, 2024ರ ನವೆಂಬರಿನಲ್ಲಿ ಮೈಕ್ ಮ್ಯೂ ಹೆಸರನ್ನೂ ಬ್ರಿಟನ್ನಿನ ದಂತವೈದ್ಯರ ಪಟ್ಟಿಯಿಂದ ತೆಗೆಯಲಾಯಿತು. ಅಪ್ಪ 2025ರಲ್ಲಿ ತೀರಿಕೊಂಡರು.

ಇದು ಠಾಣೆ ಜಿಲ್ಲೆಯ ಹುಡುಗನ ಕೈಗೆ ಬಂದ ದಾರಿಯೂ ಇಲ್ಲಿಂದಲೇ ಹಾದಿದೆ. ನವಿ ಮುಂಬಯಿಯ ಘನ್ಸೋಲಿಯಲ್ಲಿ ನೆಲೆಯಿರುವ ಜಿಯೊ 2016ರ ಸೆಪ್ಟೆಂಬರಿನಲ್ಲಿ ಆರಂಭವಾದ ಮೇಲೆ ಮೊಬೈಲ್ ಡೇಟಾ ಪುಕ್ಕಟೆಯೆಂಬಷ್ಟು ಅಗ್ಗವಾಯಿತು. 2020ರ ಜೂನಿನಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಜುಲೈಯಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಭಾರತಕ್ಕೆ ಬಂದವು. ಶಾಲೆಗಳು ಮುಚ್ಚಿದ್ದ, ಮಕ್ಕಳು ದಿನವಿಡೀ ಪರದೆಯಲ್ಲಿ ತಮ್ಮದೇ ಮುಖ ನೋಡಿಕೊಳ್ಳಬೇಕಾಗಿದ್ದ ವರ್ಷ ಅದು.

ಎಲುಬು ಕೇಳುವ ವಯಸ್ಸು

ಹಾಗಾದರೆ ಮೊದಲು ಮತ್ತು ನಂತರ ಎಂದು ಜೋಡಿಸಿದ ಆ ಫೋಟೊಗಳು? ಅವುಗಳಲ್ಲಿ ಮೂರು ಸಂಗತಿಗಳು ಕೆಲಸ ಮಾಡುತ್ತಿರುತ್ತವೆ. ನಾಲಿಗೆಯನ್ನು ಮೇಲೆತ್ತಿದಾಗ ಗದ್ದದ ಕೆಳಗಿನ ಮೆತ್ತನೆಯ ಭಾಗ ತಕ್ಷಣ ಮೇಲಕ್ಕೆ ಬಿಗಿಯುತ್ತದೆ. ಗೆರೆ ಸ್ಪಷ್ಟವಾಗುತ್ತದೆ, ನಾಲಿಗೆ ಇಳಿಸಿದರೆ ಮರೆಯಾಗುತ್ತದೆ. ಬೆಳಕು ಮತ್ತು ಕತ್ತಿನ ಕೋನ ಉಳಿದ ಕೆಲಸ ಮಾಡುತ್ತವೆ. ಮೂರನೆಯದು ಕಾಲ. ಹುಡುಗರ ಕೆಳದವಡೆ ಹದಿಹರೆಯದ ಕೊನೆಯವರೆಗೂ ಬೆಳೆಯುತ್ತದೆ. ಹದಿನೈದರಲ್ಲಿ ಶುರು ಮಾಡಿ ಹದಿನೆಂಟರಲ್ಲಿ ಫೋಟೊ ತೆಗೆದರೆ ಏನೂ ಮಾಡದವನ ದವಡೆಯೂ ಬದಲಾಗಿರುತ್ತದೆ. ಬೆಳವಣಿಗೆಯ ಕೂಲಿಯನ್ನು ನಾಲಿಗೆ ತನ್ನ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ.

ಅಂಗುಳದ ನಡುವೆ ಎರಡು ಎಲುಬುಗಳು ಕೂಡುವ ಒಂದು ಹೊಲಿಗೆಯಂಥ ಗೆರೆಯಿದೆ. ಮಕ್ಕಳಲ್ಲಿ ಅದು ಸಡಿಲವಾಗಿರುತ್ತದೆ. ದಂತವೈದ್ಯರು ಅಂಗುಳಕ್ಕೆ ಸ್ಕ್ರೂ ಇರುವ ಉಪಕರಣ ಕೂರಿಸಿ, ದಿನವೂ ಸ್ವಲ್ಪ ಸ್ವಲ್ಪ ತಿರುಗಿಸಿ ಅದನ್ನು ಅಗಲಿಸುತ್ತಾರೆ. ಆ ಸ್ಕ್ರೂ ಹಾಕುವ ಬಲ ಕೆಲವು ಕಿಲೋಗಳಷ್ಟು; ಅಂಗುಳಕ್ಕೆ ತಾಗಿ ಸುಮ್ಮನಿರುವ ನಾಲಿಗೆಯದು ಗ್ರಾಂಗಳ ಲೆಕ್ಕ. ಹದಿಹರೆಯ ದಾಟುತ್ತ ಆ ಗೆರೆ ಬೆಸೆದುಕೊಂಡ ಮೇಲೆ ಸ್ಕ್ರೂವಿಗೂ ಅದು ಸುಲಭವಾಗಿ ಬಗ್ಗುವುದಿಲ್ಲ.

ದೊಡ್ಡವರಿಗೆ ನಾಲಿಗೆಯ ವ್ಯಾಯಾಮದಿಂದ ಏನೂ ಸಿಗುವುದಿಲ್ಲವೆಂದಲ್ಲ. 2009ರಲ್ಲಿ ಬ್ರೆಜಿಲ್‌ನ ವೈದ್ಯರು ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಯಿದ್ದ 31 ರೋಗಿಗಳ ಮೇಲೆ ಪ್ರಯೋಗ ನಡೆಸಿದರು. ನಾಲಿಗೆಯನ್ನು ಅಂಗುಳಕ್ಕೆ ಒತ್ತುವುದೂ ಸೇರಿದಂತೆ ಗಂಟಲಿನ ವ್ಯಾಯಾಮಗಳನ್ನು ಮೂರು ತಿಂಗಳು ಮಾಡಿದವರಲ್ಲಿ ಉಸಿರು ಕಟ್ಟುವುದು ಗಂಟೆಗೆ ಸರಾಸರಿ 22 ಬಾರಿಯಿಂದ 14ಕ್ಕೆ ಇಳಿಯಿತು. ಸ್ನಾಯು ವ್ಯಾಯಾಮಕ್ಕೆ ಮಣಿಯಿತು, ಎಲುಬು ಇದ್ದಲ್ಲೇ ಇತ್ತು. ಕುವಲಯಾನಂದರ ಜಿಹ್ವಾಬಂಧದ ಆಸಕ್ತಿಗೆ ಈ ಫಲ ಮ್ಯೂಯಿಂಗ್‌ಗಿಂತ ಹತ್ತಿರದ್ದು.

ಇಲ್ಲಿ ಒಂದು ವಿಪರ್ಯಾಸವಿದೆ. ನಾಲಿಗೆ, ಉಸಿರು, ಅಗಿತ ಇವುಗಳಿಗೆ ದವಡೆ ಸ್ಪಂದಿಸುವ ವಯಸ್ಸಿನ ಮಕ್ಕಳು ರೀಲ್ಸ್ ನೋಡಿ ಏನನ್ನೂ ಅಭ್ಯಾಸ ಮಾಡುವುದಿಲ್ಲ. ಅಭ್ಯಾಸ ಮಾಡುವವರ ಎಲುಬು ಕೇಳುವ ವಯಸ್ಸು ದಾಟಿರುತ್ತದೆ. ಅಣ್ಣ ಕನ್ನಡಿಯ ಮುಂದೆ ನಿಂತಿರುತ್ತಾನೆ. ಅದೇ ಮನೆಯ ಐದು ವರ್ಷದ ತಂಗಿ ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತಾಳೆ, ದಿಂಬು ಜೊಲ್ಲಿನಿಂದ ಒದ್ದೆಯಾಗಿರುತ್ತದೆ, ವರ್ಷವಿಡೀ ನೆಗಡಿ. ‘ಅವಳ ಅಪ್ಪನಂತೆಯೇ ಗೊರಕೆ’ ಎಂದು ಮನೆಯವರು ನಗುತ್ತಾರೆ. ಹಗಲಲ್ಲೂ ಬಾಯಿ ತೆರೆದಿದ್ದರೆ ‘ಬಾಯಿ ಮುಚ್ಚು, ನೊಣ ಹೋಗುತ್ತದೆ’ ಎಂದು ಗದರುತ್ತಾರೆ. ಮೂಗಿನ ದಾರಿ ಮುಚ್ಚಿದ್ದರೆ ಅವಳು ಬಾಯಿ ಮುಚ್ಚುವುದು ಹೇಗೆ? ಅಂಥ ಮಗುವಿಗೆ ನಾಲಿಗೆ ಮೇಲಿಡು ಎಂದು ಹೇಳಿಕೊಡುವುದೂ ಅಷ್ಟೇ ವ್ಯರ್ಥ.

ಮೂಗು ಕಟ್ಟಲು ಕಾರಣಗಳಿಗೆ ಈ ಪಟ್ಟಿಯಲ್ಲಿ ಬರವಿಲ್ಲ. ಕಟ್ಟಡಗಳ ಧೂಳು, ಮಳೆಗಾಲದಲ್ಲಿ ಗೋಡೆಯ ಬೂಷ್ಟು, ಕಾರ್ಖಾನೆಗಳ ಗಾಳಿ. 2020ರ ಫೆಬ್ರವರಿಯಲ್ಲಿ ಡೊಂಬಿವಿಲಿ ಎಂಐಡಿಸಿಯ ರಸ್ತೆಯೊಂದು ರಾಸಾಯನಿಕದಿಂದ ಗುಲಾಬಿ ಬಣ್ಣಕ್ಕೆ ತಿರುಗಿ ದೇಶದಾದ್ಯಂತ ಸುದ್ದಿಯಾಗಿತ್ತು. ಅಲರ್ಜಿಯಿಂದ ಮೂಗು ಕಟ್ಟಿದ ಮಗುವಿಗೆ ಔಷಧ ಸಾಕಾಗಬಹುದು. ಅಡಿನಾಯ್ಡ್ ಬೆಳೆದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರು ನೋಡಿ ಕಾಯುವುದೋ ತೆಗೆಯುವುದೋ ಹೇಳುತ್ತಾರೆ. ಎಷ್ಟೋ ಮಕ್ಕಳಲ್ಲಿ ಅದು ದೊಡ್ಡವರಾಗುತ್ತ ತಾನೇ ಕುಗ್ಗುತ್ತದೆ. ಕಳವೆಯಲ್ಲಿ ಠಾಣೆ ಮಹಾನಗರಪಾಲಿಕೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ಹಲ್ಲಿನ ಸಾಲಿಗೆ ನವಿ ಮುಂಬಯಿಯ ದಂತ ಕಾಲೇಜುಗಳಿವೆ. ಬಾಯಿಂದ ಉಸಿರಾಡುವ ಮಕ್ಕಳೆಲ್ಲರ ಮುಖವೂ ಕೆಡುವುದಿಲ್ಲ, ಉದ್ದ ಮುಖದ ಮಕ್ಕಳೆಲ್ಲ ಬಾಯಿಂದ ಉಸಿರಾಡುವವರೂ ಅಲ್ಲ. ಅನುವಂಶೀಯತೆಯ ಪಾಲು ದೊಡ್ಡದು. ಹೀಗಿದ್ದರೂ ಮಗುವಿಗೆ ಒಳ್ಳೆಯ ನಿದ್ರೆ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಆ ಪರೀಕ್ಷೆ ಯೋಗ್ಯವಾದದ್ದು. ದವಡೆ ಸರಿಯಾಗಿ ಬೆಳೆದರೆ ಅದು ಮೇಲೊಂದಿಷ್ಟು ಲಾಭ.

ಲೋಕಲ್‌ನ ಹುಡುಗನಿಗೆ ಹೇಳಬೇಕಾದದ್ದು ಹೆಚ್ಚೇನಿಲ್ಲ. ನಾಲಿಗೆ ಅಂಗುಳಕ್ಕೆ ತಾಗಿ ಸುಮ್ಮನಿರುವುದು ಮೂಗಿನಿಂದ ಉಸಿರಾಡುವ ಬಹುತೇಕರಲ್ಲಿ ತಾನಾಗಿ ಆಗುವ ಸಂಗತಿ, ಅದರಿಂದ ಕೇಡಿಲ್ಲ. ಬಲವಾಗಿ ಒತ್ತಿ, ಹಲ್ಲು ಕಚ್ಚಿ ಗಂಟೆಗಟ್ಟಲೆ ಕೂತರೆ ದವಡೆಯ ಕೀಲು ನೋಯುತ್ತದೆ. ಕಚ್ಚಿದಾಗ ಹಲ್ಲುಗಳು ನಿಜಕ್ಕೂ ಸರಿಯಾಗಿ ಕೂಡುತ್ತಿಲ್ಲವೆಂದರೆ ದಂತವೈದ್ಯರಿದ್ದಾರೆ. ಎಲ್ಲ ಸರಿಯಿದ್ದು ಕನ್ನಡಿಯಲ್ಲಿ ಮಾತ್ರ ಕೊರತೆ ಕಾಣುತ್ತಿದ್ದರೆ, ಮೇಷ್ಟ್ರ ಪ್ರಶ್ನೆಗೆ ಬಾಯಿ ತೆರೆದು ಉತ್ತರ ಕೊಡುವುದರಿಂದ ಅವನ ದವಡೆಗೆ ನಷ್ಟವೇನೂ ಆಗುವುದಿಲ್ಲ.

ಕ್ಯಾಟ್ಲಿನ್ ಕಂಡ ತಾಯಂದಿರಂತೆ ಇಂದು ರಾತ್ರಿ ಮಲಗಿದ ಮಗುವಿನ ಬಳಿ ಎರಡು ನಿಮಿಷ ಕೂರಬಹುದು. ತುಟಿಗಳನ್ನು ಬೆರಳಿನಿಂದ ಮುಚ್ಚುವುದು ಬೇಡ. ಬಾಯಿ ತಾನಾಗಿ ಮುಚ್ಚಿದೆಯೇ, ಗಾಳಿ ಮೂಗಿನಿಂದ ಹೋಗಿಬರುತ್ತಿದೆಯೇ ಎಂದು ಕಿವಿಗೊಟ್ಟರೆ ಸಾಕು.